ಮೀನು ದೋಣಿಯ ತಂಡೇಲ ಟಾಮ್ ಕ್ರಿಸ್ಪ್



ಯುದ್ಧದ ಹಡಗು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಕಬ್ಬಿಣದ ಭಾರೀ ಹಡಗು, ಉದ್ದನೆಯ ಫಿರಂಗಿಗಳು, ಬಿಳಿ ಬಟ್ಟೆಯ ಅಧಿಕಾರಿಗಳು. ಈ ಸಲದ ಗೋಡೆ ಪತ್ರಿಕೆಗೆ ನಾನು ಬರೆಯುತ್ತಿರುವುದು ಅಂಥ ಹಡಗಿನ ವಿಷಯವಲ್ಲ. ಹಾಯಿ ಕಟ್ಟಿಕೊಂಡು ಓಡುವ ಒಂದು ಮರದ ಮೀನು ದೋಣಿ, ಅದರ ಮೇಲೆ ನಿಂತು ಪ್ರಾಣ ಕೊಟ್ಟ ಒಬ್ಬ ಮೀನುಗಾರ, ಇವರಿಬ್ಬರ ಕಥೆ. ಕಥೆ ಅಂದರೆ ಕಟ್ಟುಕಥೆ ಅಲ್ಲ, ನಡೆದದ್ದು. ಆತನ ಹೆಸರು ಥಾಮಸ್ ಕ್ರಿಸ್ಪ್. ಟಾಮ್ ಕ್ರಿಸ್ಪ್ ಅಂತಲೇ ಹೆಸರುವಾಸಿ.

ಇಂಗ್ಲೆಂಡಿನ ಭೂಪಟವನ್ನು ಬಿಡಿಸಿ ನೋಡಿ. ಬಲಗಡೆಯ ತುದಿಯಲ್ಲಿ, ಪೂರ್ವಕ್ಕೆ ಎಲ್ಲಕ್ಕಿಂತ ಮುಂದೆ ಚಾಚಿಕೊಂಡಿರುವ ಊರು ಲೋಸ್ಟಾಫ್ಟ್. ಆ ದೇಶದಲ್ಲಿ ಸೂರ್ಯ ಮೊದಲು ಕಾಣುವ ಪೇಟೆ ಅದು. ಎದುರಿಗೆ ಉತ್ತರ ಸಮುದ್ರ. ಊರಿನ ಅನ್ನ ಪೂರಾ ಮೀನಿನದ್ದು. 1876ನೇ ಇಸವಿ ಏಪ್ರಿಲ್ 28ರಂದು ಟಾಮ್ ಅಲ್ಲಿ ಹುಟ್ಟಿದ. ಮನೆ ತುಂಬಾ ಮಕ್ಕಳು, ಹತ್ತು ಜನರಲ್ಲಿ ಈತನೂ ಒಬ್ಬ. ಅಪ್ಪ ದೋಣಿ ಕಟ್ಟುವ ಕೆಲಸದವನು. ಹುಡುಗನಿಗೆ ಶಾಲೆಗಿಂತ ಸಮುದ್ರದ ಕಡೆಗೇ ಮನಸ್ಸು. ಮೊದಲು ಹೆರಿಂಗ್ ಎಂಬ ಮೀನು ಹಿಡಿಯುವ ದೋಣಿಗೆ ಸೇರಿದ. (ಹೆರಿಂಗ್ ಅಂದರೆ ನಮ್ಮ ಬೂತಾಯಿ ಮೀನಿನ ದೂರದ ನೆಂಟ ಅನ್ನಬಹುದು.) ಆಮೇಲೆ ಅಟ್ಲಾಂಟಿಕ್ ಸಾಗರ ದಾಟುವ ದೊಡ್ಡ ಹಡಗೊಂದರಲ್ಲಿ ಚುಕ್ಕಾಣಿ ಹಿಡಿಯುವ ಕೆಲಸವನ್ನೂ ಮಾಡಿ ಬಂದ. 1895ರಲ್ಲಿ ಹ್ಯಾರಿಯೆಟ್ ಎಂಬಾಕೆಯನ್ನು ಮದುವೆಯಾದ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು.

1902ರಲ್ಲಿ ಅವನಿಗೆ ಜಾರ್ಜ್ ಬಾರೊ ಎಂಬ ದೋಣಿ ಸಿಕ್ಕಿತು. ಆ ಸೀಮೆಯಲ್ಲೇ ಬದುಕಿದ್ದ ಒಬ್ಬ ಲೇಖಕನ ಹೆಸರನ್ನು ದೋಣಿಗೆ ಇಟ್ಟಿದ್ದರು. ಮೀನು ದೋಣಿಗೆ ಸಾಹಿತಿಯ ಹೆಸರು, ಚೆನ್ನಾಗಿದೆ ಅಲ್ವಾ? ಹದಿಮೂರು ವರ್ಷ ಟಾಮ್ ಅದರ ತಂಡೇಲನಾಗಿದ್ದ. ದೊಡ್ಡವನಾದ ಮೇಲೆ ಮಗನೂ ಅದೇ ದೋಣಿಗೆ ಬಂದ. ಮಗನ ಹೆಸರೂ ಟಾಮ್ ಅಂತಲೇ! ಓದುವವರಿಗೆ ಗೊಂದಲ ಬೇಡ, ನಾನು ಅವನನ್ನು ಕಿರಿಯ ಟಾಮ್ ಅಂತ ಬರೀತೀನಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಟ್ರಾಲರ್ ಅಂದರೆ ಏನು? ಚೀಲದ ಹಾಗಿರುವ ದೊಡ್ಡ ಬಲೆಯನ್ನು ಸಮುದ್ರದ ತಳದ ಮೇಲೆ ಎಳೆದುಕೊಂಡು ಹೋಗುವ ದೋಣಿ. ಬಲೆಯ ಬಾಯಿ ಅಗಲ, ಹಿಂಭಾಗ ಕಿರಿದು. ಒಳಗೆ ಹೋದ ಮೀನು ತಿರುಗಿ ಬರೋದು ಕಷ್ಟ. ಆ ಕಾಲಕ್ಕೆ ಬಹಳ ಊರುಗಳಲ್ಲಿ ಉಗಿಯಂತ್ರದ ಟ್ರಾಲರುಗಳು ಬಂದಿದ್ದವು. ಆದರೆ ಲೋಸ್ಟಾಫ್ಟ್‌ನಲ್ಲಿ ಮಾತ್ರ ಹಾಯಿಯ ಟ್ರಾಲರುಗಳು ಇನ್ನೂ ನೂರಾರು ಇದ್ದವು. ಅವುಗಳನ್ನು ಅಲ್ಲಿಯ ಜನ ಸ್ಮ್ಯಾಕ್ ಅಂತ ಕರೆಯುತ್ತಿದ್ದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿನ ನೌಕಾಪಡೆಯವರು ಮೀನುಗಾರರ ಉಗಿ ಟ್ರಾಲರುಗಳನ್ನು ಒಂದಲ್ಲ ಎರಡಲ್ಲ, ಸಾವಿರಕ್ಕೂ ಹೆಚ್ಚು ಯುದ್ಧಕ್ಕೆ ತೆಗೆದುಕೊಂಡರು. ಯಾಕೆ ಅಂತ ಕೇಳಬಹುದು. ಜರ್ಮನಿಯವರು ನೀರಿನೊಳಗೆ ಮೈನ್ ಎಂಬ ಸಿಡಿಗುಂಡು ಬಿಟ್ಟಿರುತ್ತಿದ್ದರು, ಹಡಗು ತಾಗಿದರೆ ಢಂ! ಅದನ್ನು ತೆಗೆಯಬೇಕಾದರೆ ಎರಡು ದೋಣಿಗಳ ನಡುವೆ ಉಕ್ಕಿನ ಹಗ್ಗ ಕಟ್ಟಿ, ನೀರಿನಲ್ಲಿ ಎಳೆಯುತ್ತಾ ಹೋಗಬೇಕು. ಭಾರದ ಬಲೆ ಎಳೆದು ಅಭ್ಯಾಸವಾದ ಮೀನುಗಾರನಿಗಿಂತ ಈ ಕೆಲಸ ಬಲ್ಲವರು ಯಾರು? ಬಲೆಯ ಜಾಗದಲ್ಲಿ ಉಕ್ಕಿನ ಹಗ್ಗ, ಮುಂಭಾಗದಲ್ಲಿ ಒಂದು ಸಣ್ಣ ಫಿರಂಗಿ, ಬಣ್ಣ ಬದಲು, ಅಷ್ಟೇ. ಮೀನಿನ ಟ್ರಾಲರ್ ಯುದ್ಧದ ಟ್ರಾಲರ್ ಆಯಿತು. ದುಡಿಯುವವರು ಅದೇ ಜನ.

ಹಾಯಿಯ ಸ್ಮ್ಯಾಕುಗಳನ್ನು ಮೊದಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವು ಮೀನು ಹಿಡಿಯುತ್ತಾ ಊರಿಗೆ ಊಟ ಹಾಕಲಿ ಅಂತ ಬಿಟ್ಟರು. ಆದರೆ 1915ರಲ್ಲಿ ಜರ್ಮನ್ ಸಬ್‌ಮೆರೀನುಗಳ ಕಣ್ಣು ಅವುಗಳ ಮೇಲೆ ಬಿತ್ತು. ಸಬ್‌ಮೆರೀನ್ ಮೇಲೆದ್ದು ಬರುವುದು, ಮೀನುಗಾರರನ್ನು ಸಣ್ಣ ದೋಣಿಗೆ ಇಳಿಸುವುದು, ಸ್ಮ್ಯಾಕಿನೊಳಗೆ ಬಾಂಬ್ ಇಟ್ಟು ಮುಳುಗಿಸುವುದು. ಬೆಲೆಬಾಳುವ ಟಾರ್ಪೆಡೊ ಖರ್ಚು ಮಾಡುವ ಅಗತ್ಯವೇ ಅವರಿಗಿರಲಿಲ್ಲ. ಹೀಗೆ ಲೋಸ್ಟಾಫ್ಟ್‌ನ ದೋಣಿಗಳು ಒಂದರ ಹಿಂದೆ ಒಂದು ಹೋದವು. ಟಾಮ್ ಕ್ರಿಸ್ಪ್ ಹದಿಮೂರು ವರ್ಷ ನಡೆಸಿದ್ದ ಜಾರ್ಜ್ ಬಾರೊ ಕೂಡ ಆ ವರ್ಷವೇ ಹೋಯಿತು. ರೈತನಿಗೆ ಎತ್ತು ಹೋದ ಹಾಗೆ. ಆತ ಕೆಲಸವಿಲ್ಲದೆ ಕೂತ.

ಆಗ ನೌಕಾಪಡೆಯವರು ಒಂದು ಉಪಾಯ ಮಾಡಿದರು. ಕೆಲವು ಸ್ಮ್ಯಾಕುಗಳಿಗೆ ಗುಟ್ಟಾಗಿ ಒಂದೊಂದು ಸಣ್ಣ ಫಿರಂಗಿ ಕೂರಿಸಿದರು. ಹೊರಗಿನಿಂದ ನೋಡಿದರೆ ಮೀನು ದೋಣಿಯೇ, ಬಲೆಯೂ ಎಳೆಯುತ್ತೆ, ಮೀನೂ ಹಿಡಿಯುತ್ತೆ. ಸಬ್‌ಮೆರೀನ್ ಹತ್ತಿರ ಬಂದಾಗ ಫಿರಂಗಿ ಹೊರಗೆ ಬರುತ್ತೆ. ಈ ಉಪಾಯ ಬೇಗನೆ ಫಲ ಕೊಟ್ಟಿತು. 1915ರ ಆಗಸ್ಟ್ 15ರಂದು ಇನ್ವರ್‌ಲಿಯಾನ್ ಎಂಬ ಸ್ಮ್ಯಾಕ್, ಯುಬಿ-4 ಎಂಬ ಸಬ್‌ಮೆರೀನನ್ನೇ ಮುಳುಗಿಸಿಬಿಟ್ಟಿತು. ಹಾಯಿ ದೋಣಿ ಸಬ್‌ಮೆರೀನ್ ಮುಳುಗಿಸಿದ್ದು! ನಂಬೋಕೆ ಕಷ್ಟ, ಆದರೆ ನಿಜ. (ಆಗಸ್ಟ್ 15 ಎಂಬ ದಿನವನ್ನು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತೆ.)

ಅಂಥ ಫಿರಂಗಿ ಸ್ಮ್ಯಾಕ್ ಒಂದಕ್ಕೆ ಟಾಮ್ ಕ್ರಿಸ್ಪ್ ತಂಡೇಲನಾದ. ಕಿರಿಯ ಟಾಮ್ ಕೂಡ ಅದೇ ದೋಣಿಗೆ ಬಂದು ಅಪ್ಪನ ಕೈಕೆಳಗೆ ಎರಡನೆಯವನಾದ. ಈ ದೋಣಿಗೆ ಎಷ್ಟು ಹೆಸರು ಗೊತ್ತೇ? ಮೊದಲು ಜಿ ಅಂಡ್ ಇ, ಮುಂದೆ ಐ'ಲ್ ಟ್ರೈ, ಅಂದರೆ ನಾನು ಪ್ರಯತ್ನಿಸುವೆ ಅಂತ, ಕೊನೆಗೆ ನೆಲ್ಸನ್. ಶತ್ರುಗಳಿಗೆ ಗುರುತು ಸಿಗಬಾರದು ಅಂತ ಹೀಗೆ ಹೆಸರು ಬದಲಾಯಿಸುತ್ತಿದ್ದರು. ನೆಲ್ಸನ್ ಅಂದರೆ ಟ್ರಫಾಲ್ಗರ್ ಯುದ್ಧ ಗೆದ್ದ ಇಂಗ್ಲೆಂಡಿನ ಮಹಾ ನೌಕಾ ಸೇನಾಪತಿ. ಸಣ್ಣ ದೋಣಿಗೆ ದೊಡ್ಡ ಹೆಸರೇ ಇಟ್ಟರು!

1917ರ ಫೆಬ್ರವರಿ 1ರಂದು ಮೊದಲ ಕಾಳಗ. ಬಾಯ್ ಆಲ್ಫ್ರೆಡ್ ಎಂಬ ಇನ್ನೊಂದು ಸ್ಮ್ಯಾಕ್ ಜೊತೆಗಿತ್ತು. ಎರಡು ಸಬ್‌ಮೆರೀನುಗಳು ಎದುರಾದವು. ಎರಡಕ್ಕೂ ಗುಂಡು ತಾಗಿತು. ಎರಡೂ ಮುಳುಗಿದವು ಅಂತಲೇ ಮೀನುಗಾರರು ತಿಳಿದರು. ಆದರೆ ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆ ನೋಡಿದರೆ ಆ ದಿನ ಯಾವ ಸಬ್‌ಮೆರೀನೂ ಮುಳುಗಿರಲಿಲ್ಲ. ಇರಲಿ, ಎದುರು ನಿಂತು ಹೊಡೆದದ್ದಂತೂ ಸುಳ್ಳಲ್ಲ. ಕ್ರಿಸ್ಪ್‌ಗೆ ಒಂದು ಪದಕ ಬಂತು. ಈ ಕಾಳಗದ ಮೇಲೆಯೇ ಆತನ ದೋಣಿಗೆ ನೆಲ್ಸನ್ ಅಂತ ಹೆಸರಿಟ್ಟದ್ದು. ಬಾಯ್ ಆಲ್ಫ್ರೆಡ್ ಎಂಬುದು ಎಥೆಲ್ ಅಂಡ್ ಮಿಲ್ಲಿ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1917, ಆಗಸ್ಟ್ 15. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬರಲು ಸರಿಯಾಗಿ ಮೂವತ್ತು ವರ್ಷ ಇತ್ತು. ನೆಲ್ಸನ್ ಮತ್ತು ಎಥೆಲ್ ಅಂಡ್ ಮಿಲ್ಲಿ ಎರಡೂ ಉತ್ತರ ಸಮುದ್ರದ ಜಿಮ್ ಹೋ ಬ್ಯಾಂಕ್ ಎಂಬ ಜಾಗದಲ್ಲಿ ಬಲೆ ಬಿಟ್ಟಿದ್ದವು. ಮಧ್ಯಾಹ್ನದ ಹೊತ್ತು. ಸುಮಾರು ಐದೂವರೆ ಕಿಲೋಮೀಟರ್ ದೂರದಲ್ಲಿ ನೀರಿನ ಮೇಲೆ ಏನೋ ಕಂಡಿತು. ಕ್ರಿಸ್ಪ್ ಅದು ಸಬ್‌ಮೆರೀನ್ ಅಂತ ಗುರುತು ಹಿಡಿದ. ಅದರ ಹೆಸರು ಯುಸಿ-63. ಕೂಡಲೇ ಬಲೆಯನ್ನು ಕಡಿದು ಬಿಟ್ಟು ಕಾಳಗಕ್ಕೆ ಸಿದ್ಧರಾದರು.

ಸಬ್‌ಮೆರೀನಿನ ಫಿರಂಗಿ ಬಾಯಿ 88 ಮಿಲಿಮೀಟರ್. ನೆಲ್ಸನ್‌ನ ಫಿರಂಗಿ ಬಾಯಿ 47 ಮಿಲಿಮೀಟರ್. ಲೆಕ್ಕ ಬಲ್ಲವರಿಗೆ ಇಷ್ಟು ಸಾಕು. ಸಬ್‌ಮೆರೀನಿನ ಗುಂಡು ಇವರಿಗೆ ಮುಟ್ಟುತ್ತಿತ್ತು, ಇವರ ಗುಂಡು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನಾಲ್ಕನೆಯ ಗುಂಡು ನೆಲ್ಸನ್‌ನ ಮುಂಭಾಗಕ್ಕೆ, ನೀರಿನ ಮಟ್ಟದ ಕೆಳಗೆ ತೂತು ಮಾಡಿತು. ನೀರು ನುಗ್ಗಿತು. ಏಳನೆಯ ಗುಂಡು ನೇರ ತಂಡೇಲನಿಗೇ ಬಡಿದು, ಹಲಗೆಯನ್ನು ಸೀಳಿಕೊಂಡು ದೋಣಿಯ ಪಕ್ಕದಿಂದ ಹೊರಗೆ ಹೋಯಿತು. ಕ್ರಿಸ್ಪ್‌ನ ಸೊಂಟದ ಕೆಳಗೆ ಏನೂ ಉಳಿಯಲಿಲ್ಲ ಅನ್ನುವಷ್ಟು ಭಯಂಕರ ಗಾಯ. ಬರೆಯೋಕೂ ಕೈ ನಡುಗುತ್ತೆ.

ಆದರೂ ಆತನಿಗೆ ಎಚ್ಚರ ತಪ್ಪಲಿಲ್ಲ. ಚುಕ್ಕಾಣಿಯನ್ನು ಮಗ ಹಿಡಿದುಕೊಂಡ. ಅಪ್ಪ ಬಿದ್ದಲ್ಲಿಂದಲೇ ಹೇಳುತ್ತಾ ಹೋದ. ಗುಟ್ಟಿನ ಕಾಗದಪತ್ರಗಳನ್ನು ಸಮುದ್ರಕ್ಕೆ ಎಸೆಯಿರಿ ಅಂದ. ಆಮೇಲೆ ಸುದ್ದಿ ಕಳಿಸುವ ಯೋಚನೆ ಮಾಡಿದ. ಆ ದೋಣಿಯಲ್ಲಿ ವೈರ್‌ಲೆಸ್ ಇರಲಿಲ್ಲ, ಇದ್ದದ್ದು ನಾಲ್ಕು ಪಾರಿವಾಳ! ಸಬ್‌ಮೆರೀನ್ ದಾಳಿಯಾಗಿದೆ, ತಂಡೇಲ ಸತ್ತಿದ್ದಾನೆ, ಇಂಥ ಜಾಗ, ಬೇಗ ಸಹಾಯ ಕಳಿಸಿ ಎಂಬ ಅರ್ಥದ ಚೀಟಿಯನ್ನು ಬರೆಸಿದ. ಗಮನಿಸಿ, ತಾನು ಸತ್ತಿದ್ದೇನೆ ಅಂತ ತಾನೇ ಹೇಳಿ ಬರೆಸಿದ. ತನಗಾಗಿ ಸಹಾಯ ಬೇಕಿಲ್ಲ ಅಂತ ಆತನಿಗೆ ಗೊತ್ತಿತ್ತು.

ಫಿರಂಗಿಯ ಗುಂಡುಗಳು ಕೈಬೆರಳಲ್ಲಿ ಎಣಿಸುವಷ್ಟು ಉಳಿದವು. ದೋಣಿ ಮುಳುಗುತ್ತಿತ್ತು. ಇನ್ನು ಬಿಟ್ಟು ಇಳಿಯಿರಿ ಅಂತ ಆಜ್ಞೆಯಾಯಿತು. ಜೊತೆಯವರು ತಂಡೇಲನನ್ನು ಸಣ್ಣ ದೋಣಿಗೆ ಎತ್ತಿಕೊಳ್ಳಲು ಬಂದರು. ಆತ ಒಪ್ಪಲಿಲ್ಲ. ನನ್ನನ್ನು ಸಮುದ್ರಕ್ಕೆ ಎಸೆದುಬಿಡಿ ಅಂತ ಕೇಳಿಕೊಂಡ. ಹಾಗೆ ಮಾಡಲು ಯಾರಿಗೆ ಮನಸ್ಸು ಬರುತ್ತೆ? ಅವರಿಂದ ಆಗಲಿಲ್ಲ. ಕೊನೆಗೆ ಆತನನ್ನು ಅಲ್ಲೇ ಬಿಟ್ಟು ಒಂಬತ್ತು ಜನ ಇಳಿದರು. ಆ ಒಂಬತ್ತರಲ್ಲಿ ಸ್ವಂತ ಮಗನೂ ಒಬ್ಬ. ನೆಲ್ಸನ್ ಮುಳುಗಿತು, ತಂಡೇಲನೂ ಅದರ ಜೊತೆಗೇ ಹೋದ. ಆತನಿಗೆ ಆಗ 41 ವರ್ಷ.

ಅಷ್ಟರಲ್ಲಿ ಎಥೆಲ್ ಅಂಡ್ ಮಿಲ್ಲಿ ಹತ್ತಿರ ಬಂತು. ಅದರ ತಂಡೇಲ ಚಾರ್ಲ್ಸ್ ಮ್ಯಾನಿಂಗ್ ಇವರನ್ನು ತನ್ನ ದೋಣಿಗೆ ಕರೆದ. ಇವರು ಹತ್ತಲಿಲ್ಲ. ಹತ್ತಿದರೆ ಜಾಗ ಇಕ್ಕಟ್ಟಾಗಿ ಅವರ ಹೋರಾಟಕ್ಕೆ ಅಡ್ಡಿಯಾಗುತ್ತೆ ಅಂತ. ಮ್ಯಾನಿಂಗ್ ಮುಂದೆ ಹೋಗಿ ಹೋರಾಡಿದ. ಅದೂ ಉಳಿಯಲಿಲ್ಲ. ಅದರಲ್ಲಿದ್ದ ಏಳು ಜನರನ್ನು ಜರ್ಮನ್ನರು ಸಬ್‌ಮೆರೀನಿನ ಮೇಲೆ ಹತ್ತಿಸಿಕೊಂಡರು. ಅವರು ಸಾಲಾಗಿ ನಿಂತಿದ್ದನ್ನು ನೆಲ್ಸನ್‌ನವರು ದೂರದಿಂದ ನೋಡಿದರು. ಅದೇ ಕೊನೆ. ಆ ಏಳು ಜನ ಮತ್ತೆ ಊರಿಗೆ ಬರಲಿಲ್ಲ. ಕ್ರಿಸ್ಪ್‌ನ ಹೆಸರು ಎಲ್ಲರಿಗೂ ಗೊತ್ತಾಯಿತು. ಈ ಏಳು ಜನರನ್ನು ನೆನೆಯುವವರು ಕಡಿಮೆ. ನನಗೆ ಇದು ಸರಿ ಅನಿಸುವುದಿಲ್ಲ.

ಸಣ್ಣ ದೋಣಿಯವರು ರಾತ್ರಿಯಿಡೀ ಹುಟ್ಟು ಹಾಕಿದರು. ಬೆಳಗಾದ ಮೇಲೆ ಗಾಳಿ ಜೋರಾಗಿ ದಾರಿ ತಪ್ಪಿತು. ಎರಡು ಹುಟ್ಟುಗಳನ್ನು ಎತ್ತಿ ನಿಲ್ಲಿಸಿ, ಒಂದು ಪ್ಯಾಂಟು ಮತ್ತು ಒಂದು ತುಂಡು ಮೇಣದ ಬಟ್ಟೆಯನ್ನು ಬಾವುಟದ ಹಾಗೆ ಕಟ್ಟಿದರು. ದೂರದಲ್ಲಿ ಹಡಗುಗಳು ಕಂಡವು, ಆದರೆ ಇವರನ್ನು ಕಾಣದೆ ಹೋದವು. ಮತ್ತೊಂದು ರಾತ್ರಿ ಕಳೆಯಿತು. ಮರುದಿನ ಹತ್ತೂವರೆ ಗಂಟೆಗೆ ಜಿಮ್ ಹೋ ಬ್ಯಾಂಕಿನ ತೇಲುಗುರುತು ಸಿಕ್ಕಿತು. ಅದಕ್ಕೆ ದೋಣಿ ಕಟ್ಟಿಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಹಡಗು ಬಂತು. ರೆಡ್ ಕಾಕ್ ಎಂಬ ಪಾರಿವಾಳ ಚೀಟಿಯನ್ನು ಲೋಸ್ಟಾಫ್ಟ್‌ಗೆ ಮುಟ್ಟಿಸಿತ್ತು! ಅದರಿಂದಲೇ ಅವರನ್ನು ಹುಡುಕಲು ಹಡಗು ಹೊರಟಿದ್ದು. ನಮ್ಮ ದೇಶದಲ್ಲೂ ಒಡಿಶಾದ ಪೊಲೀಸರು 1946ರಿಂದ ಬಹಳ ವರ್ಷ ಪಾರಿವಾಳದ ಕೈಯಲ್ಲಿ ಸುದ್ದಿ ಕಳಿಸುತ್ತಿದ್ದರು. ಹಾಗಾಗಿ ಇದನ್ನು ಬರೀ ಕಥೆ ಅಂತ ನಗಬೇಡಿ.

1917ರ ಅಕ್ಟೋಬರ್ 29ರಂದು ಇಂಗ್ಲೆಂಡಿನ ಪ್ರಧಾನಮಂತ್ರಿ ಲಾಯ್ಡ್ ಜಾರ್ಜ್ ಪಾರ್ಲಿಮೆಂಟಿನಲ್ಲಿ ಈ ಮೀನುಗಾರನ ವಿಷಯ ಹೇಳಿದರು. ದೊಡ್ಡ ದೊಡ್ಡ ಸೇನಾಪತಿಗಳ ನಡುವೆ ಒಬ್ಬ ದೋಣಿಯವನ ಮಾತು ಬಂದು ದೇಶಕ್ಕೆಲ್ಲ ಗೊತ್ತಾಯಿತು. ಅದಾಗಿ ಮೂರೇ ದಿನಕ್ಕೆ, ನವೆಂಬರ್ 1ರಂದು, ಯುಸಿ-63ನ್ನು ಇಂಗ್ಲಿಷರ ಸಬ್‌ಮೆರೀನೊಂದು ಟಾರ್ಪೆಡೊ ಹೊಡೆದು ಮುಳುಗಿಸಿತು. ಅದರಲ್ಲಿದ್ದವರಲ್ಲಿ ಒಬ್ಬನೇ ಒಬ್ಬ ಬದುಕಿದ. ಉಳಿದವರೂ ಯಾರದೋ ಅಪ್ಪ, ಯಾರದೋ ಮಗ.

ಟಾಮ್ ಕ್ರಿಸ್ಪ್‌ಗೆ ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಬ್ರಿಟಿಷರ ಕಾಲದಲ್ಲಿ ಅದಕ್ಕಿಂತ ದೊಡ್ಡ ಶೌರ್ಯ ಪದಕ ಇರಲಿಲ್ಲ. 1914ರ ಕಾಳಗಕ್ಕಾಗಿ ನಮ್ಮ ಭಾರತೀಯ ಸೈನ್ಯದ ಖುದಾದಾದ್ ಖಾನ್ ಪಡೆದದ್ದೂ ಇದೇ ಪದಕ. ನೋಡಲು ಬರೀ ಕಂಚಿನದು, ಚಿನ್ನ ಬೆಳ್ಳಿ ಏನೂ ಇಲ್ಲ. 1917ರ ಡಿಸೆಂಬರ್ 19ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆ ಅದನ್ನು ಕಿರಿಯ ಟಾಮ್‌ನ ಕೈಗೆ ಕೊಟ್ಟ. ಅವನಿಗೂ ಅವನದೇ ಒಂದು ಪದಕ ಸಿಕ್ಕಿತು. ಕ್ರಿಸ್ಪ್‌ಗೆ ಸಮಾಧಿ ಇಲ್ಲ, ದೇಹ ಸಮುದ್ರದಲ್ಲೇ ಉಳಿಯಿತು. ಲೋಸ್ಟಾಫ್ಟ್‌ನಲ್ಲಿ ಇವತ್ತಿಗೂ ಒಂದು ದೊಡ್ಡ ರಸ್ತೆಗೆ ಟಾಮ್ ಕ್ರಿಸ್ಪ್ ವೇ ಅಂತ ಹೆಸರಿದೆ.