ಶಿಕ್ಷಕರನ್ನು ರೂಪಿಸಿದ ಡಾ. ಝಾಕಿರ್ ಹುಸೇನ್

1897ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಡಾ. ಝಾಕಿರ್ ಹುಸೇನ್ ಅವರು ಬರ್ಲಿನ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ಹಣವಿಲ್ಲದೆ ಜಾಮಿಯಾ ಮಿಲ್ಲಿಯಾ ಮುಚ್ಚಿಹೋಗಲಿದೆ ಎಂಬ ಸುದ್ದಿ ತಲುಪಿತು. ಮುಚ್ಚಬೇಡಿರೆಂದು ಹೇಳಿಕಳುಹಿಸಿದ ಅವರು 1926ರಲ್ಲಿ ಮರಳಿ ಬಂದು, 29ನೆಯ ವಯಸ್ಸಿನಲ್ಲೇ ಅದರ ಹೊಣೆ ಹೊತ್ತರು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ದುಡಿಯುವುದಾಗಿ ಸಹೋದ್ಯೋಗಿಗಳೊಂದಿಗೆ ಪ್ರತಿಜ್ಞೆ ಮಾಡಿದರು.

ಆದರೆ ತ್ಯಾಗವೊಂದೇ ಸಾಲದು, ಶಿಕ್ಷಕನಿಗೆ ತರಬೇತಿಯೂ ಬೇಕು. 1937ರಲ್ಲಿ ಅವರ ಅಧ್ಯಕ್ಷತೆಯ ಸಮಿತಿಯು ಕೈಕೆಲಸದ ಮೂಲಕ ಕಲಿಸುವ ವಾರ್ಧಾ ಶಿಕ್ಷಣ ಯೋಜನೆಯನ್ನು ರೂಪಿಸಿತು. ಹಾಗೆ ಪಾಠ ಮಾಡಬಲ್ಲವರನ್ನು ಸಿದ್ಧಗೊಳಿಸಲು 1938ರಲ್ಲಿ ಜಾಮಿಯಾದಲ್ಲೇ ಶಿಕ್ಷಕರ ತರಬೇತಿ ಕಾಲೇಜು ಆರಂಭವಾಯಿತು.

1967ರಲ್ಲಿ ರಾಷ್ಟ್ರಪತಿಯಾದ ಅವರು 1969ರಲ್ಲಿ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಸಮಾಧಿ ಜಾಮಿಯಾದ ಆವರಣದಲ್ಲಿದೆ. ವಿದ್ಯಾರ್ಥಿ ಮುಂದೆ ಬರಬೇಕಾದರೆ ಶಿಕ್ಷಕನೂ ಕಲಿಯುತ್ತಿರಬೇಕು ಎಂಬುದೇ ಅವರ ಬದುಕು ನಮಗೆ ನೀಡುವ ಪಾಠ.