ಕುಂಬಾರ ಜೋಸೈಯ ವೆಜ್‌ವುಡ್ ಮತ್ತು ಕಡಲಾಚೆಯ ಆವಿಗೆಗಳು

ಕುಂಬಾರಿಕೆ ಮನುಷ್ಯನ ಬಹು ಹಳೆಯ ಕಸುಬುಗಳಲ್ಲಿ ಒಂದು. ನಮ್ಮ ನಾಡಿನಲ್ಲಿ ಶರಣ ಕುಂಬಾರ ಗುಂಡಯ್ಯನ ಹೆಸರನ್ನು ಕೇಳದವರು ವಿರಳ. ಆದರೆ ಕುಂಬಾರಿಕೆಯನ್ನು ಬಂಡವಾಳ, ಪಾಲುದಾರಿಕೆ, ಲೆಕ್ಕಪತ್ರ, ಪರದೇಶದ ಪೇಟೆ ಇವುಗಳಿಂದ ಕೂಡಿದ ದೊಡ್ಡ ಉದ್ಯಮವನ್ನಾಗಿ ಮಾಡಿದವನು ಯಾರೆಂದು ಕೇಳಿದರೆ, ಮೊದಲು ಹೇಳಬೇಕಾದ ಹೆಸರುಗಳಲ್ಲಿ ಇಂಗ್ಲೆಂಡಿನ ಜೋಸೈಯ ವೆಜ್‌ವುಡ್ಡನದು ಒಂದು. ಈತನ ಪಿಂಗಾಣಿಯ ಸೊಗಸನ್ನು ಹೊಗಳಿದವರು ಅನೇಕರಿದ್ದಾರೆ. ಆತನು ಹಣವನ್ನು ಹೇಗೆ ಕೂಡಿಸಿದ, ಹೇಗೆ ಕಾಪಾಡಿದ, ಮತ್ತು ಅದೇ ಕಾಲದಲ್ಲಿ ಅಮೆರಿಕದ ವಸಾಹತುಗಳಲ್ಲಿ ಇಂಥದೇ ಕಾರ್ಖಾನೆ ಹೂಡಿದವರು ಏಕೆ ಮುಳುಗಿದರು ಎಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಬ್ಯಾಂಕಿನಲ್ಲಿ ದಿನವೂ ಲೆಡ್ಜರು ತಿರುವುವ ನನ್ನಂಥವನಿಗೆ ಈ ಕಥೆಯೇ ಹೆಚ್ಚು ಹಿಡಿಸಿತು.

ವೆಜ್‌ವುಡ್ 1730ರಲ್ಲಿ ಸ್ಟಾಫರ್ಡ್‌ಷೈರಿನ ಬರ್ಸ್ಲೆಮ್ ಎಂಬ ಊರಿನಲ್ಲಿ ಹುಟ್ಟಿದನು. ಮನೆತನದ ಕಸುಬು ಕುಂಬಾರಿಕೆ. ದೊಡ್ಡ ಸಂಸಾರದ ಕೊನೆಯ ಮಗ. 1739ರಲ್ಲಿ ತಂದೆ ತೀರಿಕೊಂಡನು. ಉಯಿಲಿನಲ್ಲಿ ಈ ಹುಡುಗನ ಪಾಲಿಗೆ ಬಂದದ್ದು 20 ಪೌಂಡು ಮಾತ್ರ. ಒಂಬತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು ಅಣ್ಣನ ಕಾರ್ಖಾನೆ ಸೇರಬೇಕಾಯಿತು. ಮುಂದೆ ಸಿಡುಬು ತಗುಲಿ ಬದುಕಿ ಉಳಿದನಾದರೂ ಬಲಗಾಲಿನ ಮಂಡಿ ಕೆಟ್ಟಿತು. ಕಾಲಿನಿಂದ ಒದ್ದು ತಿಗರಿ ತಿರುಗಿಸುವ ಕೆಲಸ ಆತನಿಗೆ ಆಗದಾಯಿತು. ತಿಗರಿ ಬಿಟ್ಟ ಕೈ ಅಚ್ಚು ಮಾಡುವುದರಲ್ಲಿ, ಮಣ್ಣು ಬೆರೆಸಿ ಸುಟ್ಟು ಪರೀಕ್ಷಿಸುವುದರಲ್ಲಿ ತೊಡಗಿತು. ಕುಂಟುಗಾಲೇ ಆತನನ್ನು ಶೋಧಕನನ್ನಾಗಿ ಮಾಡಿತೆಂದರೆ ತಪ್ಪಾಗದು. ಆ ಕಾಲನ್ನು 1768ರಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಅರಿವಳಿಕೆ ಔಷಧವೇ ಇಲ್ಲದಿದ್ದ ಕಾಲವದು. ಕೆಲವೇ ವಾರಗಳಲ್ಲಿ ಆತ ಮತ್ತೆ ಕೆಲಸಕ್ಕೆ ನಿಂತನು.

ತರಬೇತಿ ಮುಗಿದ ಮೇಲೆ ಸ್ವಂತ ಅಣ್ಣನೇ ಪಾಲು ಕೊಡಲು ಒಪ್ಪಲಿಲ್ಲ. 1754ರಲ್ಲಿ ಥಾಮಸ್ ವೀಲ್ಡನ್ ಎಂಬ ಹೆಸರಾಂತ ಕುಂಬಾರನೊಡನೆ ಪಾಲುಗಾರನಾಗಿ ಐದು ವರ್ಷ ಕಳೆದು, 1759ರಲ್ಲಿ ಬರ್ಸ್ಲೆಮಿನಲ್ಲಿ ಬಾಡಿಗೆಯ ಜಾಗದಲ್ಲಿ ಸ್ವಂತ ಆವಿಗೆ ಹೂಡಿದನು. ತನ್ನ ಪ್ರಯೋಗಗಳನ್ನೆಲ್ಲ ಅಂಕೆ ಹಾಕಿ, ಗುಪ್ತ ಸಂಕೇತದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಆತನ ತಿಳಿಹಳದಿ ಬಣ್ಣದ ಪಾತ್ರೆಗಳು ನೋಟಕ್ಕೆ ಚೆಲುವು, ಬಳಕೆಗೆ ಗಟ್ಟಿ, ಬೆಲೆಗೆ ಅಗ್ಗ. 1765ರಲ್ಲಿ ರಾಣಿ ಷಾರ್ಲೊಟ್ ಈತನಿಂದ ಚಹಾದ ಪಾತ್ರೆಗಳನ್ನು ಮಾಡಿಸಿಕೊಂಡಳು. ಕೂಡಲೇ ವೆಜ್‌ವುಡ್ ಆ ಪಾತ್ರೆಗೆ ರಾಣಿಯ ಹೆಸರನ್ನೇ ಇಟ್ಟು ಮಾರಿದನು. ಅರಮನೆಯ ಮೇಜಿನ ಮೇಲಿರುವುದು ತಮ್ಮ ಮನೆಯಲ್ಲೂ ಇರಲೆಂದು ಬಯಸದ ಗೃಹಿಣಿಯುಂಟೇ?

ಬಂಡವಾಳ ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕು. ಮೊದಲನೆಯದು ಮಾರಾಟದ ಲಾಭ. ಎರಡನೆಯದು ಮದುವೆ: 1764ರಲ್ಲಿ ಆತನು ತನ್ನ ದೂರದ ಸಂಬಂಧಿ ಸಾರಾ ವೆಜ್‌ವುಡ್ಡಳನ್ನು ಮದುವೆಯಾದಾಗ ಅವಳ ಕಡೆಯಿಂದ ದೊಡ್ಡ ಸ್ತ್ರೀಧನ ಬಂದಿತು. ಮೂರನೆಯದು ಸ್ನೇಹ: ಲಿವರ್‌ಪೂಲಿನ ವರ್ತಕ ಥಾಮಸ್ ಬೆಂಟ್ಲಿ ಓದಿದವನು, ಲೋಕವನ್ನು ಬಲ್ಲವನು, ಅವನು ಪಾಲುದಾರನಾಗಿ ಸೇರಿದನು. 1769ರ ಜೂನ್ 13ರಂದು ಇಟ್ರೂರಿಯ ಎಂಬ ಹೊಸ ಕಾರ್ಖಾನೆ ಆರಂಭವಾಯಿತು. ನಡೆಯುವ ವ್ಯಾಪಾರ ಮೊದಲು, ದೊಡ್ಡ ಕಟ್ಟಡ ಅನಂತರ ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು.

ಸಾರ್ವಜನಿಕರಿಂದ ಹಣ ಕೂಡಿಸುವ ಸಂದರ್ಭವೂ ಆತನಿಗೆ ಬಂದಿತು. ಆದರೆ ಅದು ಕಾರ್ಖಾನೆಗಾಗಿ ಅಲ್ಲ, ಕಾಲುವೆಗಾಗಿ. ಸ್ಟಾಫರ್ಡ್‌ಷೈರಿಗೆ ಬಿಳಿಯ ಜೇಡಿಮಣ್ಣು ದೂರದ ದಕ್ಷಿಣದಿಂದ ಸಮುದ್ರದ ಮೇಲೆ ಬಂದು, ಬಂದರಿನಿಂದ ಹೇರುಗುದುರೆಗಳ ಬೆನ್ನ ಮೇಲೆ ಹಳ್ಳಕೊಳ್ಳದ ದಾರಿ ಹಿಡಿದು ಬರುತ್ತಿತ್ತು. ಪಾತ್ರೆಗಳು ಅದೇ ದಾರಿಯಲ್ಲಿ ಹೊರಟು ಅರ್ಧದಲ್ಲೇ ಒಡೆಯುತ್ತಿದ್ದುವು. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಗೆ 1766ರಲ್ಲಿ ಪಾರ್ಲಿಮೆಂಟಿನ ಅಪ್ಪಣೆ ದೊರೆಯಿತು. ತಲಾ 200 ಪೌಂಡಿನ ಷೇರುಗಳಿಂದ 1,30,000 ಪೌಂಡು ಎತ್ತುವ ಯೋಜನೆಯದು. ವೆಜ್‌ವುಡ್ ಮೊದಲ ಹಾರೆ ಹಾಕಿದನು, ಸಂಬಳವಿಲ್ಲದ ಖಜಾಂಚಿಯಾದನು. 1777ರಲ್ಲಿ ಮುಗಿದ ಆ ಕಾಲುವೆ ಇಟ್ರೂರಿಯದ ಬಾಗಿಲ ಮುಂದೆಯೇ ಹರಿಯಿತು. ಊರಿಗೂ ಲಾಭ, ತನಗೂ ಲಾಭ.

ಇನ್ನು ಕಡಲಾಚೆಯ ಸಂಗತಿ. ಆ ಕಾಲದಲ್ಲಿ ಅಮೆರಿಕದ ವಸಾಹತುಗಳು ಸ್ಟಾಫರ್ಡ್‌ಷೈರಿನ ಪಾತ್ರೆಗೆ ದೊಡ್ಡ ಪೇಟೆ. ವಸಾಹತಿನವರು ಕಚ್ಚಾ ಮಾಲು ಕಳಿಸಬೇಕು, ಸಿದ್ಧ ಮಾಲು ಕೊಳ್ಳಬೇಕು ಎಂಬುದು ಆಳುವವರ ನೀತಿ. ನಮ್ಮ ಹಿರಿಯರು ಬಟ್ಟೆಯ ವಿಷಯದಲ್ಲಿ ಇದೇ ನೀತಿಯ ರುಚಿ ಕಂಡವರು. ಹೀಗಿರುವಾಗ ಜಾನ್ ಬಾರ್ಟ್ಲಮ್ ಎಂಬ ಸ್ಟಾಫರ್ಡ್‌ಷೈರಿನ ಕುಂಬಾರನು ಇಲ್ಲಿ ದಿವಾಳಿಯೆದ್ದು ದಕ್ಷಿಣ ಕೆರೊಲಿನಕ್ಕೆ ಹೋಗಿ, ಚಾರ್ಲ್ಸ್‌ಟನ್ನಿನ ಸಮೀಪ ಕೇನ್ ಹಾಯ್ ಎಂಬಲ್ಲಿ ಆವಿಗೆ ಹೂಡಿದನು. ಅವನಿಗಾಗಿ ಕೆಲಸಗಾರರನ್ನು ಒಲಿಸಿ ಕರೆದೊಯ್ಯುತ್ತಿದ್ದಾರೆಂಬ ಸುದ್ದಿ 1765ರಲ್ಲಿ ವೆಜ್‌ವುಡ್ಡನ ಕಿವಿಗೆ ಬಿದ್ದಾಗ ಆತ ಕಳವಳಗೊಂಡು ಪಾರ್ಲಿಮೆಂಟಿನ ಸದಸ್ಯನೊಬ್ಬನಿಗೆ ಕಾಗದ ಬರೆದನು. ಕೆರೊಲಿನದ ಮಣ್ಣು ಒಳ್ಳೆಯದೆಂದು ಬಲ್ಲ ಆತನು 1767ರಲ್ಲಿ ಥಾಮಸ್ ಗ್ರಿಫಿತ್ಸ್ ಎಂಬವನನ್ನು ಚೆರೊಕಿ ಜನರ ನಾಡಿಗೆ ಕಳಿಸಿ ಸುಮಾರು ಐದು ಟನ್ ಬಿಳಿಮಣ್ಣನ್ನು ತರಿಸಿದನು. ಸಾಗಣೆಯ ವೆಚ್ಚ ನೋಡಿದರೆ ಅದು ನಿತ್ಯದ ಬಳಕೆಗೆ ಒದಗುವಂತಿರಲಿಲ್ಲ.

ಬಾರ್ಟ್ಲಮನಿಗೆ ಅಲ್ಲಿನ ಶಾಸನಸಭೆಯಿಂದ ಸ್ವಲ್ಪ ಧನಸಹಾಯ ದೊರೆಯಿತು. ಆದರೂ ನೆಲೆ ನಿಲ್ಲಲಿಲ್ಲ. ಕೇನ್ ಹಾಯ್‌ನಿಂದ ಚಾರ್ಲ್ಸ್‌ಟನ್ನಿಗೆ, ಅಲ್ಲಿಂದ ಒಳನಾಡಿನ ಕ್ಯಾಮ್ಡನ್ನಿಗೆ ಹೋದನು. ಕುಶಲಿಗನೆಂಬುದರಲ್ಲಿ ಸಂಶಯವಿಲ್ಲ. ಅವನು ಮಾಡಿದ ಮುಚ್ಚಳವಿಲ್ಲದ, ಮುರಿದ ಚಹಾ ಪಾತ್ರೆಯೊಂದನ್ನು ಯಾರೋ 15 ಪೌಂಡಿಗೆ ಕೊಂಡಿದ್ದರು. 2018ರ ಹರಾಜಿನಲ್ಲಿ ಅದಕ್ಕೆ 4,60,000 ಪೌಂಡಿನ ಕೂಗು ಬಂದು, ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಸೇರಿತು. ಬದುಕಿದ್ದಾಗ ಅದರ ನೂರರಲ್ಲೊಂದು ಪಾಲು ಕೈಯಲ್ಲಿದ್ದಿದ್ದರೆ ಅವನು ಊರೂರು ಅಲೆಯಬೇಕಾಗಿರಲಿಲ್ಲ.

ಎರಡನೆಯ ಸಾಹಸ ಫಿಲಡೆಲ್ಫಿಯದ್ದು. ಗೂಸ್ ಬಾನಿನ್ ಮತ್ತು ಜಾರ್ಜ್ ಆಂಟನಿ ಮಾರಿಸ್ ಎಂಬಿಬ್ಬರು ಊರಂಚಿನ ಸೌತ್‌ವಾರ್ಕಿನಲ್ಲಿ ಪಿಂಗಾಣಿ ಕಾರ್ಖಾನೆ ಕಟ್ಟಲು ತೊಡಗಿ, 1770ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಸಾರಿದರು: ಅಮೆರಿಕದ ಮಣ್ಣು ಲಂಡನ್ನಿನ ಬೋ ಕಾರ್ಖಾನೆಯ ಮಣ್ಣಿಗೆ ಕಡಿಮೆಯದಲ್ಲವೆಂದು. ಪಿಂಗಾಣಿಗೆ ಬೇಕಾದ ಎಲುಬಿನ ಬೂದಿಗಾಗಿ ದನಕುದುರೆಗಳ ಎಲುಬನ್ನು ಕೊಳ್ಳುವುದಾಗಿ ಪ್ರಕಟಿಸಿದರು. ಇಂಗ್ಲೆಂಡಿನಿಂದ ಕುಶಲ ಕೆಲಸಗಾರರನ್ನು ಕರೆಸಿದರು. ಗಳಿಗೆಯೂ ಒಳ್ಳೆಯದೆಂದೇ ತೋರುತ್ತಿತ್ತು. 1767ರ ಸುಂಕಗಳಿಗೆ ಸಿಟ್ಟಾಗಿ ವಸಾಹತಿನ ವರ್ತಕರು ಇಂಗ್ಲಿಷ್ ಮಾಲನ್ನು ಬಹಿಷ್ಕರಿಸಿದ್ದರು. ನಮ್ಮ ಸ್ವದೇಶಿ ಚಳವಳಿಯನ್ನು ನೆನೆದರೆ ಆ ಹುರುಪು ಎಂಥದೆಂದು ತಿಳಿದೀತು.

ಆದರೆ ಹುರುಪಿನ ಮೇಲೆ ಕಟ್ಟಿದ ವ್ಯಾಪಾರಕ್ಕೆ ಹುರುಪು ಇಳಿದ ದಿನ ಏನು ಗತಿ? 1770ರಲ್ಲಿ ಚಹಾದ ಸುಂಕವೊಂದನ್ನು ಬಿಟ್ಟು ಉಳಿದುವನ್ನು ಪಾರ್ಲಿಮೆಂಟು ರದ್ದುಮಾಡಿತು, ಬಹಿಷ್ಕಾರ ಸಡಿಲಿತು, ಇಂಗ್ಲಿಷ್ ಪಾತ್ರೆಗಳು ಮತ್ತೆ ಅಗ್ಗವಾಗಿ ಬಂದಿಳಿದುವು. ಬಾನಿನ್ ಮತ್ತು ಮಾರಿಸ್‌ರ ಹಣವೆಲ್ಲ ಕಟ್ಟಡಕ್ಕೂ ಆವಿಗೆಗೂ ಕೆಲಸಗಾರರ ಪ್ರಯಾಣಕ್ಕೂ ಹೋಗಿತ್ತು. 1771ರ ಜನವರಿಯಲ್ಲಿ ಅವರು ಪೆನ್ಸಿಲ್ವೇನಿಯದ ಶಾಸನಸಭೆಗೆ ಸಾಲಕ್ಕಾಗಿ ಅರ್ಜಿ ಹಾಕಿದರು. ಸಾಲ ದೊರೆಯಲಿಲ್ಲ. ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಅವನ ಹೆಂಡತಿ ಆ ಕಾರ್ಖಾನೆಯ ಪಾತ್ರೆಗಳನ್ನು ಕಳಿಸಿದಾಗ ಅವನು ಮೆಚ್ಚಿಕೊಂಡನು. ಮೆಚ್ಚಿಗೆಯಿಂದ ಆವಿಗೆಗೆ ಸೌದೆ ಬರುವುದಿಲ್ಲ. 1772ರ ಕೊನೆಯಲ್ಲಿ ಕಾರ್ಖಾನೆ ಮುಚ್ಚಿತು. ಕಡಲು ದಾಟಿ ಬಂದ ಕೆಲಸಗಾರರು ಪರನಾಡಿನಲ್ಲಿ ಕೂಲಿಯಿಲ್ಲದೆ ನಿಂತರು. ಅವರಿಗಾಗಿ ಊರಿನವರ ದಾನವನ್ನು ಬೇಡಬೇಕಾಯಿತು. ಆ ಕಾರ್ಖಾನೆಯಿಂದ ಇಂದು ಉಳಿದಿರುವ ಪಾತ್ರೆಗಳು ಸುಮಾರು ಇಪ್ಪತ್ತು.

ಅದೇ 1772ರಲ್ಲಿ ವೆಜ್‌ವುಡ್ಡನಿಗೂ ಸಂಕಟ ಬಂದಿತೆಂಬುದನ್ನು ಮರೆಯಬಾರದು. ಹಿಂದಿನ ವರ್ಷವಷ್ಟೇ ಆತನು ಜರ್ಮನಿಯ ಸುಮಾರು ಸಾವಿರ ಮಂದಿ ಶ್ರೀಮಂತರಿಗೆ, ಅವರು ಕೇಳದಿದ್ದರೂ, ತಲಾ 20 ಪೌಂಡು ಬೆಲೆಯ ಪಾತ್ರೆಗಳ ಪೆಟ್ಟಿಗೆ ಕಳಿಸುವ ಯೋಜನೆಗೆ ಕೈಹಾಕಿದ್ದನು. ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಬ್ಯಾಂಕು ಮುರಿದು ದೇಶದಲ್ಲೆಲ್ಲ ಸಾಲ ಸಿಗದಂತಾಯಿತು. ಉಗ್ರಾಣದಲ್ಲಿ ಮಾಲು ಬಿದ್ದಿತು. ಆಗ ಆತನು ಲೆಕ್ಕದ ಪುಸ್ತಕ ಹಿಡಿದು ಕುಳಿತನು. ಒಂದೊಂದು ಪಾತ್ರೆಗೂ ಮಣ್ಣಿಗೆಷ್ಟು, ಕೂಲಿಗೆಷ್ಟು, ಸುಡುವುದಕ್ಕೆಷ್ಟು, ಒಡೆದು ಹೋದುದೆಷ್ಟು ಎಂದು ಬಿಡಿಸಿ ಬರೆದನು. ಬಾಡಿಗೆ, ಅಚ್ಚು, ಗುಮಾಸ್ತರ ಸಂಬಳ ಇವು ಮಾಲು ಹೆಚ್ಚಾಗಲಿ ಕಡಿಮೆಯಾಗಲಿ ಗಡಿಯಾರದಂತೆ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಒಂದೇ ಬಗೆಯ ಮಾಲನ್ನು ಹೆಚ್ಚು ಮಾಡಿದರೆ ಬಿಡಿಯ ವೆಚ್ಚ ಇಳಿಯುವುದೆಂದು ಕಂಡುಕೊಂಡನು. ಈ ಶೋಧನೆಯಲ್ಲಿ ಗುಮಾಸ್ತೆಯೊಬ್ಬನ ಕೈಚಳಕವೂ ಬಯಲಾಯಿತು. ನಾವು ಬಿ.ಕಾಂ. ತರಗತಿಯಲ್ಲಿ ಉರುಹೊಡೆದ ಪಾಠವನ್ನು ಆತನು ಸಂಕಟದ ನಡುವೆ, ಗುರುವಿಲ್ಲದೆ ಕಲಿತನು.

ಮುಂದಿನದು ಕೀರ್ತಿಯ ಕಥೆ. 1774ರ ಹೊತ್ತಿಗೆ ರಷ್ಯದ ರಾಣಿ ಕ್ಯಾಥರೀನಳಿಗಾಗಿ 952 ಪಾತ್ರೆಗಳ ಊಟದ ತಂಡ ಸಿದ್ಧವಾಯಿತು. ಸಾವಿರಾರು ಪ್ರಯೋಗಗಳ ಫಲವಾಗಿ ಜ್ಯಾಸ್ಪರ್ ಎಂಬ ನುಣುಪಾದ ಹೊಸ ಬಗೆ ಬಂದಿತು. ಆವಿಗೆಯ ಕಾವನ್ನು ಅಳೆಯುವ ಉಪಕರಣಕ್ಕಾಗಿ 1783ರಲ್ಲಿ ರಾಯಲ್ ಸೊಸೈಟಿಯ ಗೌರವ ದೊರೆಯಿತು. 1787ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ, ಸಂಕೋಲೆ ತೊಟ್ಟು ಮಂಡಿಯೂರಿದ ಮನುಷ್ಯನ ಚಿತ್ರವಿದ್ದ ಪದಕಗಳನ್ನು ಮಾಡಿ ಹಂಚಿದನು. ಮರುವರ್ಷ ಫಿಲಡೆಲ್ಫಿಯದಲ್ಲಿದ್ದ ಫ್ರಾಂಕ್ಲಿನ್ನನಿಗೂ ಕಳಿಸಿದನು.

ಅಮೆರಿಕದವರ ಸ್ವಾತಂತ್ರ್ಯ ಹೋರಾಟಕ್ಕೆ ಆತನ ಸಹಾನುಭೂತಿಯಿತ್ತು. ಆದರೆ ಹೋರಾಟ ಮುಗಿದ 1783ರಲ್ಲೇ ಪರದೇಶದ ಕಾರ್ಖಾನೆಗಳಿಗೆ ಹೋಗಬೇಡಿರೆಂದು ತನ್ನ ಕೆಲಸಗಾರರಿಗೆ ಒಂದು ಪುಸ್ತಿಕೆ ಬರೆದನು. ಕೆರೊಲಿನಕ್ಕೂ ಪೆನ್ಸಿಲ್ವೇನಿಯಕ್ಕೂ ಹೋದವರು ಕಾಯಿಲೆಯಿಂದ, ಕೊರಗಿನಿಂದ, ಕೈ ಬರಿದಾಗಿ ಹೇಗೆ ಅಳಿದರೆಂದು ಅದರಲ್ಲಿ ವಿವರಿಸಿದನು. ಮನಸ್ಸಿನ ಸ್ವಾತಂತ್ರ್ಯವನ್ನು ಮೆಚ್ಚಿದವನು ಮಡಕೆಯ ಸ್ವಾತಂತ್ರ್ಯವನ್ನು ಮೆಚ್ಚಲಿಲ್ಲ. ಅಲ್ಲಿನ ಸಂಕಟ ನಿಜ. ಅದನ್ನು ಹೇಳಿದವನಿಗೆ ಅದರಲ್ಲಿ ಲಾಭವಿದ್ದದ್ದೂ ನಿಜ. ದೊಡ್ಡವರ ಚರಿತ್ರೆ ಓದುವಾಗ ಎರಡನ್ನೂ ತೂಗಿ ನೋಡುವುದು ನ್ಯಾಯ.

1795ರ ಜನವರಿ 3ರಂದು ವೆಜ್‌ವುಡ್ ತೀರಿಕೊಂಡನು. 20 ಪೌಂಡಿನ ಪಾಲಿನಿಂದ ಹೊರಟವನು ಬಿಟ್ಟುಹೋದ ಆಸ್ತಿ ಸುಮಾರು 5,00,000 ಪೌಂಡು ಎನ್ನುತ್ತಾರೆ. ಜೀವವಿಕಾಸದ ಚಾರ್ಲ್ಸ್ ಡಾರ್ವಿನ್ ಈತನ ಮಗಳ ಮಗ. ಆತ ಕಟ್ಟಿದ ಕಂಪೆನಿಯೂ 2009ರಲ್ಲಿ ಸಾಲದ ಹೊರೆಯಿಂದ ಬಿದ್ದು ಬೇರೆಯವರ ಕೈ ಸೇರಿತು. ಹೆಸರು ಮಾತ್ರ ಇಂದಿಗೂ ಪಾತ್ರೆಗಳ ತಳದಲ್ಲಿದೆ.

ಕಂಪೆನಿ ಮುಳುಗಿದರೆ ಹಣ ಹಾಕಿದವನಿಗೆ ನಷ್ಟ ಅವನು ಹಾಕಿದಷ್ಟೇ. ಊರು ಬಿಟ್ಟು ಬಂದು ದುಡಿಯುವವನಿಗೆ ನಷ್ಟ ಅವನ ಬದುಕೇ. ನಮ್ಮಲ್ಲಿಯೂ ಒಂದು ಕಾರ್ಖಾನೆಯ, ಒಂದು ಕಚೇರಿಯ ಮಾತನ್ನು ನಂಬಿ ಮನೆಮಾರು ಬಿಟ್ಟು ಈ ನಗರಗಳಿಗೆ ಬಂದ ಮನೆತನಗಳು ಹಲವಿವೆ. ನಾಳೆ ನಮ್ಮ ಮಕ್ಕಳಲ್ಲಿ ಯಾರಾದರೂ ಸ್ವಂತ ಉದ್ಯಮ ಹೂಡಿದರೆ, ವೆಜ್‌ವುಡ್ಡನ ಲೆಕ್ಕದ ಪುಸ್ತಕವನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಲಿ. ಅದರ ಜೊತೆಗೆ ಫಿಲಡೆಲ್ಫಿಯದ ಬೀದಿಯಲ್ಲಿ ನಿಂತ ಆ ಹೆಸರಿಲ್ಲದ ಕುಂಬಾರರನ್ನೂ ನೆನೆಯಲಿ.