ಡಾಕ್ಟರ್ ಪಲ್ಪು

ಪದ್ಮನಾಭನ್ ಪಲ್ಪು ಅವರು 1863ರಲ್ಲಿ ತಿರುವನಂತಪುರದ ಒಂದು ಈಳವ ಕುಟುಂಬದಲ್ಲಿ ಜನಿಸಿದರು. ತಿರುವಾಂಕೂರಿನ ವೈದ್ಯಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅವರಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಮದರಾಸಿಗೆ ಹೋಗಿ ವೈದ್ಯವಿದ್ಯೆಯನ್ನು ಪೂರೈಸಿದರು. ಆಗಲೂ ತವರಿನ ಸರ್ಕಾರ ಅವರಿಗೆ ಉದ್ಯೋಗ ಕೊಡಲು ಒಪ್ಪಲಿಲ್ಲ. ವಿದ್ಯೆಗಿಂತ ಜಾತಿಯೇ ಮೇಲೆನಿಸಿಕೊಂಡಿದ್ದ ಕಾಲವದು. ಮದರಾಸಿನ ಲಸಿಕಾ ಕೇಂದ್ರದಲ್ಲಿ ಕೆಲಕಾಲ ದುಡಿದ ತರುಣನನ್ನು 1891ರಲ್ಲಿ ಮೈಸೂರು ಸಂಸ್ಥಾನ ಬರಮಾಡಿಕೊಂಡಿತು.

ಬೆಂಗಳೂರಿನಲ್ಲಿ ಅವರ ಪಾಲಿಗೆ ಬಂದದ್ದು ಸಿಡುಬಿನ ಲಸಿಕೆಯ ಕೆಲಸ. ಕರುವಿನ ಮೈಮೇಲೆ ಗೋಸಿಡುಬಿನ ಬೊಕ್ಕೆಗಳನ್ನು ಎಬ್ಬಿಸಿ, ಅವುಗಳ ರಸವನ್ನು ಕೆರೆದು ತೆಗೆದು, ಶುದ್ಧಿಮಾಡಿ ಊರೂರಿಗೆ ಕಳುಹಿಸಬೇಕಾಗಿತ್ತು. ಬಿಸಿಲು ತಾಗಿದರೆ ಆ ರಸ ಸತ್ತ್ವಗುಂದುತ್ತದೆ. ಅರಸೀಕೆರೆಯವರೆಗೆ ರೈಲೇನೋ ಇತ್ತು. ಬೇಲೂರು, ಹಳೇಬೀಡುಗಳಿಗೆ ಎತ್ತಿನ ಗಾಡಿಯೇ ಗತಿ. ಇಂದು ಅದೇ ಊರುಗಳಿಗೆ ಪೋಲಿಯೋ ಹನಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯುವುದೂ ಇದೇ ಕಾರಣದಿಂದ. ಇಷ್ಟಾಗಿ ಲಸಿಕೆ ಊರನ್ನು ತಲುಪಿದರೂ, ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಜನರಲ್ಲಿ ಹಲವರು ದಾಕು ಹಾಕುವವರನ್ನು ಕಂಡೊಡನೆ ಮಕ್ಕಳನ್ನು ಬಚ್ಚಿಡುತ್ತಿದ್ದರು. ಅವರನ್ನು ಹಳಿದು ಫಲವಿಲ್ಲ. ತಿಳಿಯ ಹೇಳುವವರು ಆಗ ವಿರಳವಾಗಿದ್ದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕು, ಹರಿಹರ, ಅರಸೀಕೆರೆಗಳ ಮೂಲಕ ಹಾದುಬರುವ ರೈಲುಮಾರ್ಗವನ್ನು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಮನೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಕದವಿಕ್ಕಿ ಬಯಲಿನ ಗುಡಿಸಲುಗಳಿಗೆ ಓಡುತ್ತಿದ್ದರು. ತಂದೆಯ ಹೆಣಕ್ಕೆ ಹೆಗಲು ಕೊಡಲು ಮಗನೇ ಅಂಜುವಂತಹ ದಿನಗಳು. ಹಾಫ್‌ಕಿನ್ ಎಂಬ ವಿಜ್ಞಾನಿ ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಆದರೂ ಸೂಜಿಯೆಂದರೆ ಜನಕ್ಕೆ ರೋಗಕ್ಕಿಂತ ಹೆಚ್ಚಿನ ಭಯ. ಪಲ್ಪು ಅವರ ಮನೆಯಲ್ಲಿದ್ದು ಬೆಂಗಳೂರಿನಲ್ಲಿ ಸಂಸ್ಕೃತ ಓದುತ್ತಿದ್ದ ಕುಮಾರನ್ ಆಶಾನ್, ಮುಂದೆ ಮಲಯಾಳದ ಮಹಾಕವಿಯಾದವರು, ಪ್ಲೇಗಿನ ದೆಸೆಯಿಂದ ಓದನ್ನು ಅರ್ಧಕ್ಕೆ ಬಿಟ್ಟು ಹೊರಡಬೇಕಾಯಿತು. ಪಲ್ಪು ಮಾತ್ರ ಜೀವದ ಹಂಗು ತೊರೆದು ರೋಗಿಗಳ ನಡುವೆಯೇ ಉಳಿದರು. ಯಾರ ಸ್ಪರ್ಶವನ್ನು ತವರಿನ ಮೇಲುಜಾತಿಯವರು ಮೈಲಿಗೆಯೆಂದು ಎಣಿಸಿದ್ದರೋ ಆ ಕೈಗಳು ಇಲ್ಲಿ ಯಾರೂ ಮುಟ್ಟದವರನ್ನು ಮುಟ್ಟಿ ಉಪಚರಿಸಿದವು.

ಮುಂದೆ ಮೈಸೂರು ಸರ್ಕಾರ ಅವರನ್ನು ಇಂಗ್ಲೆಂಡಿಗೆ ಕಳುಹಿಸಿತು. ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು ಅವರು ಬೆಂಗಳೂರಿನ ಆರೋಗ್ಯಾಧಿಕಾರಿಯಾದರು.

ತವರಿನ ಅನ್ಯಾಯವನ್ನು ಅವರು ಮರೆಯಲಿಲ್ಲ. 1896ರಲ್ಲಿಯೇ ಈಳವರಿಗೆ ಶಾಲೆ, ಉದ್ಯೋಗಗಳು ದೊರೆಯಬೇಕೆಂದು 13,000ಕ್ಕೂ ಹೆಚ್ಚು ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಅರ್ಪಿಸಿದ್ದರು. 1903ರಲ್ಲಿ ಶ್ರೀ ನಾರಾಯಣ ಗುರುಗಳನ್ನು ಮುಂದಿಟ್ಟುಕೊಂಡು ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವನ್ನು ಕಟ್ಟುವುದರಲ್ಲಿ ಅವರೇ ಮುಂದಾಳು. ಮೈಸೂರಿನ ಸಂಬಳದ ಬಹುಪಾಲು ಈ ಕಾರ್ಯಕ್ಕೇ ಸಂದಿತು.

1950ರ ಜನವರಿ 25ರಂದು ಅವರು ನಿಧನರಾದರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನ ಜಾರಿಗೆ ಬಂದದ್ದು ಅದರ ಮರುದಿನ.